ದರಿಯಾ ದೌಲತ್ತಿನ ಭಿತ್ತಿಚಿತ್ರಗಳ ಪ್ರಾಮಾಣ್ಯವಿಚಾರ

ಕಾವೇರಿಯ ಎರಡು ಕವಲುಗಳ ನಡುವೆ, ಮೈಸೂರಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ಶ್ರೀರಂಗಪಟ್ಟಣವು ಒಂದೇ ಹಗಲಿನಲ್ಲಿ ಹೋಗಿ ನೋಡಿ ಹಿಂದಿರುಗಲು ಅನುಕೂಲವಾದ ಸ್ಥಳವಾಗಿದೆ. ವಿದ್ಯಾರ್ಥಿಗಳನ್ನು ಕರೆತರುವ ಉಪಾಧ್ಯಾಯರು ಬೆಳಗ್ಗೆ ಶ್ರೀರಂಗನಾಥನ ದರ್ಶನಮಾಡಿ, ಕೋಟೆಯನ್ನು ಸುತ್ತಿ, ಮಧ್ಯಾಹ್ನದ ವೇಳೆಗೆ ಕೋಟೆಯ ಪೂರ್ವಕ್ಕಿರುವ ದರಿಯಾ ದೌಲತ್ ಎಂಬ ತೋಟದ ಅರಮನೆಯನ್ನೂ, ತರುವಾಯ ಹೈದರಾಲಿಯ ಸಮಾಧಿಯಾದ ಗುಂಬಜನ್ನೂ ನೋಡಿ, ಸಂಜೆಗೆ ಹಿಂದಿರುಗುವುದು ವಾಡಿಕೆಯಾಗಿರುವುದು. ಅರಮನೆಯ ಪಶ್ಚಿಮದ ಗೋಡೆಯ ಮುಂದೆ ನಿಂತಾಗ, 'ಇದು ಟಿಪ್ಪುಸುಲ್ತಾನನು ಬರೆಯಿಸಿದ ಚಿತ್ರ' ಎಂದು ಹೇಳುವುದೂ ವಾಡಿಕೆಯೇ. ಈ ವಾಕ್ಯವನ್ನು ಎಷ್ಟರಮಟ್ಟಿಗೆ ಅಂಗೀಕರಿಸಬಹುದೆಂಬುದನ್ನು ಇಲ್ಲಿ ಪರ್ಯಾಲೋಚಿಸಲಾಗುವುದು.

ದರಿಯಾ ದೌಲತ್ತು 1784ರಲ್ಲಿ ನಿರ್ಮಿತವಾದುದು. ಎತ್ತರವಾದ ಜಗಲಿಯ ಮೇಲೆ ನಿಂತಿರುವ ಈ ಸೌಧದ ಕಂಬಗಳೂ ತೊಲೆಗಳೂ ಮರದವು, ಸುತ್ತಲೂ ಮೊಗಸಾಲೆಯುಂಟು, ಒಳಗೋಡೆ ಹೊರಗೋಡೆಗಳಲ್ಲಿ ಚಿತ್ರವಿಲ್ಲದ ಸ್ಥಳವೇ ಅಪೂರ್ವ. ಪಶ್ಚಿಮದ ಗೋಡೆಯ ಒಂದು ಭಾಗದಲ್ಲಿ ಹೈದರಾಲಿ ಮತ್ತು ಟಿಪ್ಪುಸುಲ್ತಾನರು ಸೇನಾಸಮೇತರಾಗಿ ಹೊರಟಿರುವ ದೃಶ್ಯವೂ, ಮತ್ತೊಂದು ಭಾಗದಲ್ಲಿ ಪೊಲ್ಲಿಲೂರಿನ ಕದನವೂ ಚಿತ್ರಿತವಾಗಿರುವುವು. ಕಾಂಚೀಪುರದ ಸಮೀಪದಲ್ಲಿ 1780ನೆಯ ಸೆಪ್ಟೆಂಬರ್ 10ರಂದು ನಡೆದ ಆ ಯುದ್ಧದಲ್ಲಿ ಕರ್ನಲ್ ಬೈಲಿಯ ನಾಯಕತ್ವದ ಇಂಗ್ಲಿಷ್ ಸೈನ್ಯವು ಸಂಪೂರ್ಣವಾಗಿ ಪರಾಜಿತವಾಯಿತು. ಚೌಕಾಕಾರವಾಗಿ ಒತ್ತೊತ್ತಾಗಿ ನಿಂತ ಇಂಗ್ಲಿಷ್ ಪದಾತಿಗಳು, ಅವರ ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ, ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಇವು ನೋಡುವವರ ದೃಷ್ಟಿಯನ್ನು ಮೊದಲು ಸೆಳೆಯತಕ್ಕವು.

ಆದರೆ ಇಂದು ಕಾಣುವ ವರ್ಣವು ಆದಿಯಲ್ಲಿ ಹಚ್ಚಿದ ವರ್ಣವಲ್ಲ. 1799ರ ಮುತ್ತಿಗೆಗೆ ಮೊದಲೇ ಈ ಚಿತ್ರಗಳು ಅಳಿಸಿಹೋಗಿದ್ದುವೆಂದೂ, ಆ ವರ್ಷದ ಮೇ 4ರಂದು ಪಟ್ಟಣವು ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿಯು ಅವನ್ನು ಮತ್ತೆ ಬರೆಯಿಸಿದನೆಂದೂ ಹೇಳಿಕೆಯುಂಟು. 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿಯು ಇಲ್ಲಿಗೆ ಬಂದಾಗ ಚಿತ್ರಗಳು ಪುನಃ ಮಾಸಿದ್ದುವಾಗಿ, ಮೂಲವನ್ನು ನೆನಪಿನಲ್ಲಿಟ್ಟುಕೊಂಡಿದ್ದ ದೇಶೀಯ ಚಿತ್ರಕಾರನೊಬ್ಬನಿಂದ ಅವನ್ನು ಸರಿಪಡಿಸಿದರೆಂದೂ ಹೇಳುವರು. ಅಂತು ಗೋಡೆಯೊಂದೇ ಆದರೂ, ಅದರ ಮೇಲೆ ಕೈಯಾಡಿಸಿದವರು ಅನೇಕರು.

ಇಲ್ಲಿ ಪೂರ್ವಪಕ್ಷವು ಹೀಗೆ ಏಳಬಹುದು: 'ಮೂಲವು ನಷ್ಟವಾದ ಮೇಲೆ ಉಳಿದುದು ಅನುಕರಣಮಾತ್ರ, ಅನುಕರಣವು 1780ರ ಯುದ್ಧಕ್ಕಾಗಲಿ 1784ರ ಕಲೆಗಾಗಲಿ ಸಾಕ್ಷಿಯಾಗಲಾರದು, ಆದಕಾರಣ ಈ ಗೋಡೆಯನ್ನು ವಿನೋದಕ್ಕಾಗಿ ನೋಡಬಹುದೇ ಹೊರತು ಪ್ರಮಾಣವಾಗಿ ಸ್ವೀಕರಿಸಲಾಗದು.'

ಈ ವಾದವು ವಿಚಾರಸಹವಲ್ಲ. ಪಂಪ ರನ್ನರ ಕಾವ್ಯಗಳನ್ನು ಓದುವವರಾರೂ ಆ ಕವಿಗಳ ಸ್ವಹಸ್ತದ ಓಲೆಗಳನ್ನು ಓದುತ್ತಿಲ್ಲ. ಲಿಪಿಕಾರನಿಂದ ಲಿಪಿಕಾರನಿಗೆ ಇಳಿದುಬಂದ ಪ್ರತಿಗಳಿಂದಲೇ ಆ ಗ್ರಂಥಗಳು ಪರಿಷ್ಕೃತವಾಗಿರುವುವು. ಪ್ರತಿಯು ಪ್ರತಿಯೆಂಬ ಕಾರಣದಿಂದಲೇ ತ್ಯಾಜ್ಯವಾದರೆ ಕನ್ನಡ ಸಾಹಿತ್ಯದ ಬಹುಭಾಗವನ್ನೇ ತ್ಯಜಿಸಬೇಕಾದೀತು. ಪರಿಷ್ಕರ್ತನಾದವನು ಪ್ರತಿಯನ್ನು ತಿರಸ್ಕರಿಸುವುದಿಲ್ಲ; ಯಾವ ಪಾಠಕ್ಕೆ ಅನ್ಯಾಧಾರವುಂಟು, ಯಾವುದು ಕಡೆಯ ಲಿಪಿಕಾರನ ಕೈವಾಡವೆಂದು ವಿಂಗಡಿಸುವನು. ಭಿತ್ತಿಚಿತ್ರಕ್ಕೂ ಈ ನ್ಯಾಯವೇ ಸಲ್ಲತಕ್ಕದ್ದು.

ಹಾಗೆ ವಿಂಗಡಿಸಿದಲ್ಲಿ ಮೂರು ಆಧಾರಗಳು ದೊರೆಯುತ್ತವೆ. ಮೊದಲನೆಯದು ಪ್ರತ್ಯಂತರ. ಇದೇ ಕದನದ ಚಿತ್ರವು ಹತ್ತು ದೊಡ್ಡ ಕಾಗದದ ಹಾಳೆಗಳ ಮೇಲೆ ಬರೆದುದಾಗಿ ಉಳಿದುಬಂದು, 2022ರಲ್ಲಿ ಲಂಡನ್ನಿನಲ್ಲಿ 6,30,000 ಪೌಂಡುಗಳಿಗೆ ಹರಾಜಾಯಿತು. ಗೋಡೆಯ ಚಿತ್ರವನ್ನು ಹೋಲಿಸಿ ನೋಡಲು ಗೋಡೆಯ ಹೊರಗೂ ಪ್ರತಿಯುಂಟೆಂಬುದು ಇದರಿಂದ ಸಿದ್ಧವಾಗುವುದು. ಎರಡನೆಯದು ಗ್ರಂಥಸಾಕ್ಷ್ಯ. ಮದ್ದಿನ ಬಂಡಿಗಳು ಸಿಡಿದುದನ್ನು ಇಂಗ್ಲಿಷ್ ಇತಿಹಾಸಕಾರರೇ ಹೇಳಿರುವರು. ಆದುದರಿಂದ ಅದು ಚಿತ್ರಕಾರನ ಕಲ್ಪನೆಯಲ್ಲ. ಮೂರನೆಯದು ಎಲ್ಲಕ್ಕಿಂತ ಬಲವಾದುದು. ಈ ಚಿತ್ರದಲ್ಲಿರುವುದು ಇಂಗ್ಲಿಷರ ಪರಾಜಯ. ಅದನ್ನು ಮತ್ತೆ ಬರೆಯಿಸಿದವರೂ ಇಂಗ್ಲಿಷ್ ಅಧಿಕಾರಿಗಳೇ. ತಮ್ಮ ಪಕ್ಷದ ಅಪಜಯವನ್ನು ಅವರು ಇಲ್ಲದಿದ್ದಲ್ಲಿ ಸೇರಿಸಿದರೆಂದಾಗಲಿ, ಇದ್ದುದನ್ನು ಹೆಚ್ಚಿಸಿದರೆಂದಾಗಲಿ ಊಹಿಸಲು ಕಾರಣವಿಲ್ಲ. ಪ್ರತಿವಾದಿಯ ಬಾಯಿಂದಲೇ ಹೊರಟ ಒಪ್ಪಿಗೆಯು ವ್ಯವಹಾರದಲ್ಲಿ ಹೇಗೆ ಪ್ರಬಲವೋ, ಇಲ್ಲಿಯೂ ಹಾಗೆಯೇ.

ಇದರಿಂದ ನಿರ್ಣಯವು ಹೀಗಾಗುತ್ತದೆ: ಸೇನೆಗಳ ವಿನ್ಯಾಸ, ಚೌಕ, ಸ್ಫೋಟ, ಪಲ್ಲಕ್ಕಿ ಇವು ಮೂಲದವೆಂದು ನಂಬತಕ್ಕವು. ಮುಖಗಳ ಹೋಲಿಕೆ, ಉಡುಪಿನ ಬಣ್ಣ, ಅಲಂಕಾರದ ಸೂಕ್ಷ್ಮರೇಖೆಗಳು ತಿದ್ದಿದವರ ಕೈಗೆ ಸುಲಭವಾಗಿ ಸಿಕ್ಕತಕ್ಕವಾದುದರಿಂದ ಸಂದಿಗ್ಧವಾದುವು. ಛಂದಸ್ಸಿನ ಕಟ್ಟು ಪದ್ಯದ ಗಾತ್ರವನ್ನು ಕಾಪಾಡಿದರೂ ಅಕ್ಷರಸ್ಖಾಲಿತ್ಯವನ್ನು ತಡೆಯಲಾರದಷ್ಟೆ.

ಗೋಡೆಯ ಸಾಕ್ಷ್ಯವನ್ನು ಪೂರ್ಣಮಾಡುವ ಕಲ್ಲಿನ ಸಾಕ್ಷ್ಯವೊಂದು ಅದೇ ದಿನದ ದಾರಿಯಲ್ಲಿಯೇ ದೊರೆಯುವುದು. ಚಿತ್ರದಲ್ಲಿ ಪಲ್ಲಕ್ಕಿಯಲ್ಲಿ ಕಾಣುವ ಬೈಲಿಯು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ತರಲ್ಪಟ್ಟು, 1782ರಲ್ಲಿ ಇಲ್ಲಿಯೇ ಮೃತನಾದನು. ಅವನ ಸ್ಮಾರಕವನ್ನು ಅವನ ಬಂಧುವು 1816ರಲ್ಲಿ ಗುಂಬಜಿನ ಸಮೀಪದಲ್ಲಿ ಕಟ್ಟಿಸಿದನು. ಗೆದ್ದ ಹೈದರಾಲಿಯೂ ಅದೇ 1782ರ ಡಿಸೆಂಬರಿನಲ್ಲಿಯೇ ತೀರಿಕೊಂಡನು. ಗೆದ್ದವನ ಸಮಾಧಿಯೂ ಸೋತವನ ಸ್ಮಾರಕವೂ ಹೀಗೆ ನೆರೆಹೊರೆಯಲ್ಲಿರುವುವು. ಗುಂಬಜನ್ನು ಮಾತ್ರ ನೋಡಿ ಹಿಂದಿರುಗುವವರು ಚಿತ್ರದ ಉತ್ತರಾರ್ಧವನ್ನು ಬಿಟ್ಟು ಹೋದಂತಾಗುವುದು.

ಕೋಟೆಯೊಳಗೆ ಶ್ರೀರಂಗನಾಥನ ದೇವಾಲಯದ ಬಳಿಯಲ್ಲಿದ್ದ ಲಾಲ್ ಮಹಲಿನ ಗತಿಯಾದರೋ ಬೇರೆ. ಟಿಪ್ಪುವಿನ ಮುಖ್ಯ ನಿವಾಸವಾಗಿದ್ದ ಆ ಅರಮನೆಯನ್ನು 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಕಂಡು ವರ್ಣಿಸಿರುವನು; ಇಂದು ಅಲ್ಲಿ ಅಡಿಪಾಯದ ಕುರುಹುಗಳಲ್ಲದೆ ಬೇರೇನೂ ಇಲ್ಲ. ಅದರ ಮರಮುಟ್ಟುಗಳಲ್ಲಿ ಕೆಲವು ನೀಲಗಿರಿಯನ್ನೇರಿ, 1829ರಲ್ಲಿ ಆರಂಭವಾದ ಉದಕಮಂಡಲದ ಸಂತ ಸ್ಟೀಫನ್ನರ ಚರ್ಚಿನಲ್ಲಿ ತೊಲೆಗಳಾಗಿ ಸೇರಿದುವು. ಲುಪ್ತವಾದ ಕಾವ್ಯಗಳ ಪದ್ಯಗಳು ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವದಂತಹ ಸಂಕಲನಗಳಲ್ಲಿ ಉಳಿದಿರುವುದನ್ನು ಬಲ್ಲವರಿಗೆ ಇದು ಅಪರಿಚಿತವಾದ ಸ್ಥಿತಿಯಲ್ಲ. ಸಂಕಲನದ ಪದ್ಯದಿಂದ ಕಾವ್ಯವು ಇತ್ತೆಂಬುದು ತಿಳಿಯುವುದೇ ಹೊರತು ಕಾವ್ಯವು ದೊರೆಯುವುದಿಲ್ಲ. ಚರ್ಚಿನ ತೊಲೆಯಿಂದಲೂ ಅಷ್ಟೆ.

ಒಂದು ಪಟ್ಟಣದ ಎರಡು ಅರಮನೆಗಳನ್ನು ಹೀಗೆ ಹೋಲಿಸಿದಾಗ ಒಂದು ತತ್ತ್ವವು ಸ್ಫುಟವಾಗುತ್ತದೆ. ತಿದ್ದಿ ಬರೆಯಲ್ಪಟ್ಟುದರಿಂದ ದರಿಯಾ ದೌಲತ್ತಿನ ಚಿತ್ರವು ತನ್ನ ಶುದ್ಧಿಯನ್ನು ಕಳೆದುಕೊಂಡಿತು. ತಿದ್ದಿ ಬರೆಯದಿದ್ದರೆ ತನ್ನನ್ನೇ ಕಳೆದುಕೊಳ್ಳುತ್ತಿತ್ತು. ಮರ, ಗಾರೆ, ಬಣ್ಣಗಳಿಂದಾದ ಮನೆಯು ಓಲೆಯ ಗ್ರಂಥದಂತೆ. ತಲೆಮಾರಿಗೊಬ್ಬನಾದರೂ ಅದನ್ನು ನಕಲುಮಾಡದಿದ್ದರೆ ಹುಳುವೂ ತೇವವೂ ಅದನ್ನು ಮುಗಿಸಿಬಿಡುವುವು. ಆದಕಾರಣ ಮಕ್ಕಳೊಡನೆ ಆ ಗೋಡೆಯ ಮುಂದೆ ನಿಲ್ಲುವ ಉಪಾಧ್ಯಾಯರು 'ಇದು ಟಿಪ್ಪುವು ಬರೆಯಿಸಿದ ಚಿತ್ರ' ಎನ್ನುವುದಕ್ಕೆ ಬದಲಾಗಿ, 'ಟಿಪ್ಪುವು ಬರೆಯಿಸಿದುದನ್ನು ಅವನ ಶತ್ರುಗಳು ಉಳಿಸಿದ ಪ್ರತಿ ಇದು' ಎನ್ನುವುದು ಯುಕ್ತ. ಆ ವಾಕ್ಯವು ಸತ್ಯಕ್ಕೆ ಹೆಚ್ಚು ಸಮೀಪವಾದುದು. ಮಕ್ಕಳ ಮನಸ್ಸಿನಲ್ಲಿ ನಿಲ್ಲತಕ್ಕದ್ದೂ ಅದೇ.