ಬ್ಯಾಂಕ್ ಸರ್ವರ್ ಡೌನ್ ಆದರೆ ಹ್ಯಾಕ್ ಆಗಿದೆ ಎಂದರ್ಥವೇ? ಡೇಟಾ ಸೆಂಟರ್‌ನ ಕೂಲಿಂಗ್ ಅಲರ್ಟ್‌ಗಳ ಕಥೆ

ಬ್ಯಾಂಕಿನ ಆ್ಯಪ್ ಒಂದೆರಡು ಗಂಟೆ ತೆರೆಯದಿದ್ದರೆ ಸಾಕು, ‘ಸರ್ವರ್ ಹ್ಯಾಕ್ ಆಗಿದೆ, ಕೂಡಲೇ ಹಣ ತೆಗೆದುಬಿಡಿ’ ಎಂಬಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಆದರೆ ಸರ್ವರ್ ನಿಲ್ಲಲು ಹ್ಯಾಕರ್‌ಗಳೇ ಬೇಕಿಲ್ಲ, ಬಿಸಿಯಾದರೂ ಸಾಕು.

2023ರ ಅಕ್ಟೋಬರ್ 14ರಂದು ಸಿಂಗಪುರದಲ್ಲಿ ಡಿಬಿಎಸ್ ಮತ್ತು ಸಿಟಿಬ್ಯಾಂಕ್ ಸೇವೆಗಳು ಸ್ಥಗಿತಗೊಂಡು, ಸುಮಾರು 25 ಲಕ್ಷದಷ್ಟು ಪಾವತಿ ಮತ್ತು ಎಟಿಎಂ ವಹಿವಾಟುಗಳು ಪೂರ್ಣಗೊಳ್ಳಲಿಲ್ಲ. ಎರಡೂ ಬ್ಯಾಂಕುಗಳು ಬಳಸುತ್ತಿದ್ದ ಡೇಟಾ ಸೆಂಟರ್‌ನಲ್ಲಿ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸುವ ಕೆಲಸ ನಡೆಯುತ್ತಿತ್ತು. ಆಗ ತಣ್ಣೀರಿನ ಟ್ಯಾಂಕ್‌ಗಳ ವಾಲ್ವ್ ಮುಚ್ಚುವಂತೆ ತಪ್ಪಾಗಿ ಸಂಕೇತ ಹೋಗಿ, ಉಷ್ಣಾಂಶ ಮಿತಿ ಮೀರಿತ್ತು.

ಇಷ್ಟು ಬಿಸಿ ಏಕೆ?

ಸರ್ವರ್ ಬಳಸುವ ವಿದ್ಯುತ್ತಿನ ಬಹುಪಾಲು ಕೊನೆಗೆ ಶಾಖವಾಗುತ್ತದೆ. ಹೀಗಾಗಿ ಕೂಲಿಂಗ್ ನಿಂತರೆ ಕೋಣೆ ಬೇಗನೆ ಕಾಯುತ್ತದೆ. ಸರ್ವರ್ ಒಳಗೆಳೆದುಕೊಳ್ಳುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಲಿ ಎನ್ನುವುದು ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಸ್ಥೆ ‘ಆಶ್ರೇ’ಯ ಶಿಫಾರಸು. ಆದ್ದರಿಂದಲೇ ಇಲ್ಲಿನ ಕೂಲಿಂಗ್ ಯಂತ್ರಗಳನ್ನು ನೆಟ್‌ವರ್ಕ್‌ಗೆ ಜೋಡಿಸಿ, ತೊಂದರೆಯಾದರೆ ಅವೇ ಸುದ್ದಿ ಕಳಿಸುವಂತೆ ಮಾಡುತ್ತಾರೆ.

ಅಲರ್ಟ್ ಹೊಂದಿಸುವುದು ಹೇಗೆ?

1. ಹೆಸರು ಮತ್ತು ಸಮಯ: ಪ್ರತಿ ಯಂತ್ರಕ್ಕೂ ಬದಲಾಗದ ಐಪಿ ವಿಳಾಸ, ಜಾಗ ತಿಳಿಸುವ ಹೆಸರು ಇರಬೇಕು. ಗಡಿಯಾರ ಸರಿಯಿರಬೇಕು. ಇಲ್ಲವಾದರೆ ಯಾವ ದೋಷ ಮೊದಲು ಬಂತೆಂದು ತಿಳಿಯುವುದಿಲ್ಲ.

2. ಮಿತಿಗಳು: ಉದಾಹರಣೆಗೆ 27 ಡಿಗ್ರಿ ದಾಟಿದರೆ ‘ಎಚ್ಚರಿಕೆ’, 32 ದಾಟಿದರೆ ‘ತುರ್ತು’. ಅಳತೆ ಕೋಣೆಯ ಮೂಲೆಯದ್ದಲ್ಲ, ಸರ್ವರ್ ಗಾಳಿ ಎಳೆದುಕೊಳ್ಳುವ ಕಡೆಯದ್ದಾಗಿರಬೇಕು. ನೀರು ಸೋರಿಕೆ, ಫ್ಯಾನ್ ನಿಲುಗಡೆ, ಕಂಪ್ರೆಸರ್ ದೋಷಗಳಿಗೂ ಅಲರ್ಟ್ ಬೇಕು.

3. ಸ್ವಲ್ಪ ತಡೆ: ಬಾಗಿಲು ತೆರೆದಾಗಲೆಲ್ಲ ಅಲರ್ಟ್ ಬರಬಾರದು. ದೋಷ ಒಂದಿಷ್ಟು ಹೊತ್ತು ಉಳಿದರೆ ಮಾತ್ರ ಕಳಿಸುವಂತಿರಲಿ. ದಿನಕ್ಕೆ ನೂರು ಸಂದೇಶ ಬಂದರೆ, ನಿಜವಾದ ಒಂದನ್ನೂ ಯಾರೂ ಓದುವುದಿಲ್ಲ.

4. ಯಾರಿಗೆ?: ಮೊದಲು ಪಾಳಿಯಲ್ಲಿರುವವರಿಗೆ. ಅವರು ನಿಗದಿತ ನಿಮಿಷಗಳಲ್ಲಿ ‘ನೋಡಿದೆ’ ಎನ್ನದಿದ್ದರೆ ಮೇಲಿನವರಿಗೆ.

5. ಬೇರೆ ದಾರಿ: ಇಮೇಲ್ ಸರ್ವರ್ ಅದೇ ಕೋಣೆಯಲ್ಲಿದ್ದರೆ ಅದೂ ಬಿಸಿಗೆ ನಿಲ್ಲಬಹುದು. ಹಾಗಾಗಿ ಪ್ರತ್ಯೇಕ ಸಿಮ್ ಮತ್ತು ಬ್ಯಾಟರಿ ಬೆಂಬಲವಿರುವ ಎಸ್‌ಎಂಎಸ್ ವ್ಯವಸ್ಥೆಯೂ ಇರಬೇಕು.

6. ಭದ್ರತೆ: ಯಂತ್ರದ ಜೊತೆ ಬಂದ ಪಾಸ್‌ವರ್ಡ್ ಬದಲಿಸಬೇಕು. ಎಸ್‌ಎನ್‌ಎಂಪಿ ಬಳಸುವುದಾದರೆ ಗೂಢಲಿಪೀಕರಣ ಇರುವ ಮೂರನೇ ಆವೃತ್ತಿಯೇ ಲೇಸು.

‘ಅಲರ್ಟ್ ಬಂದಿಲ್ಲ, ಅಂದರೆ ಎಲ್ಲ ಸರಿಯಿದೆ’ - ನಿಜವೇ?

ಇದೊಂದು ತಪ್ಪು ನಂಬಿಕೆ. ಕೂಲಿಂಗ್ ಯಂತ್ರಗಳು ಸಾಮಾನ್ಯವಾಗಿ ಕಳಿಸುವ ‘ಎಸ್‌ಎನ್‌ಎಂಪಿ ಟ್ರ್ಯಾಪ್’ ಎಂಬ ಸಂದೇಶ ರಸೀದಿಯಿಲ್ಲದ ಕಾಗದವಿದ್ದಂತೆ. ದಾರಿಯಲ್ಲಿ ಕಳೆದುಹೋದರೆ ಕಳಿಸಿದ ಯಂತ್ರಕ್ಕೂ ಗೊತ್ತಾಗದು. ಆದ್ದರಿಂದ ಮೇಲ್ವಿಚಾರಣಾ ಸರ್ವರ್ ತಾನೇ ಆಗಾಗ ಪ್ರತಿ ಯಂತ್ರವನ್ನು ವಿಚಾರಿಸಬೇಕು. ಉತ್ತರ ಬಾರದಿದ್ದರೆ ಅದನ್ನೂ ದೋಷವೆಂದೇ ಎಣಿಸಬೇಕು. ವ್ಯವಸ್ಥೆ ಅಳವಡಿಸಿದ ದಿನ ಮಾತ್ರವಲ್ಲ, ಆಮೇಲೂ ಆಗಾಗ ಪರೀಕ್ಷಾ ಅಲರ್ಟ್ ಕಳಿಸಿ, ಅದು ಕೊನೆಯ ವ್ಯಕ್ತಿಯ ಫೋನಿಗೆ ತಲುಪಿತೇ ಎಂದು ನೋಡಬೇಕು.

ಅಲರ್ಟ್ ಒಂದೇ ಸಾಲದು ಎಂಬುದೂ ಗಮನದಲ್ಲಿರಲಿ. ಸಿಂಗಪುರದಲ್ಲಿ ಎರಡೂ ಬ್ಯಾಂಕುಗಳು ಬದಲಿ ಕೇಂದ್ರಕ್ಕೆ ಹೋಗಲು ಯತ್ನಿಸಿದಾಗ ತಾಂತ್ರಿಕ ತೊಡಕುಗಳು ಎದುರಾಗಿ ಸೇವೆ ಮರಳುವುದು ತಡವಾಯಿತು.

ನೀವೇನು ಮಾಡಬಹುದು?

ಒಳ್ಳೆಯ ಅಲರ್ಟ್‌ನಲ್ಲಿ ಏನಾಯಿತು, ಎಲ್ಲಿ, ಯಾವಾಗ, ಯಾವ ಯಂತ್ರದಿಂದ ಬಂತು ಎಂಬ ವಿವರ ಇರುತ್ತದೆ. ‘ಹ್ಯಾಕ್ ಆಗಿದೆ’ ಎಂಬ ಫಾರ್ವರ್ಡ್‌ನಲ್ಲಿ ಇವು ಇವೆಯೇ ನೋಡಿ. ಇಲ್ಲದಿದ್ದರೆ ಬ್ಯಾಂಕಿನ ಅಧಿಕೃತ ಜಾಲತಾಣ ನೋಡಿ, ಅಥವಾ ಪಾಸ್‌ಬುಕ್‌ನಲ್ಲಿರುವ ಸಂಖ್ಯೆಗೆ ಕರೆ ಮಾಡಿ. ಫಾರ್ವರ್ಡ್‌ನಲ್ಲಿ ಕೊಟ್ಟ ಲಿಂಕ್ ಒತ್ತಬೇಡಿ, ಒಟಿಪಿ ಯಾರಿಗೂ ಹೇಳಬೇಡಿ.