ಬೀಸುವ ಕಲ್ಲಿನಿಂದ ಡಿಜೆವರೆಗೆ: ನಮ್ಮ ಹಾಡುಗಳಲ್ಲಿ ಹೆಣ್ಣು



ಸೋಲಾಪುರ, ಅಕ್ಕಲಕೋಟೆ ಕಡೆಯ ಮದುವೆಗಳಲ್ಲಿ ಡಿಜೆ ಹಚ್ಚಿದರೆ ಮರಾಠಿ ಹಾಡಿನ ಜೊತೆ ಉತ್ತರ ಕರ್ನಾಟಕದ ‘ಜಾನಪದ’ ಹಾಡುಗಳೂ ಕೇಳಿಬರುತ್ತವೆ. ಕುಣಿಯುವ ಹುರುಪಿನಲ್ಲಿ ಪದಗಳ ಕಡೆ ನಮ್ಮ ಲಕ್ಷ್ಯ ಹೋಗುವುದಿಲ್ಲ. ಒಮ್ಮೆ ಕಿವಿಗೊಟ್ಟು ಕೇಳಿ. ಎಷ್ಟೋ ಹಾಡುಗಳಲ್ಲಿ ಹುಡುಗಿಗೆ ಎರಡೇ ಪಾತ್ರ: ಒಂದೋ ಕಣ್ಣು ಕುಕ್ಕುವ ಚೆಲುವೆ, ಇಲ್ಲವೇ ಪ್ರೀತಿಸಿ ಕೈಕೊಟ್ಟ ಮೋಸಗಾತಿ. ಹಾಡಿನ ತುಂಬ ಅವಳದೇ ಸುದ್ದಿ. ಅವಳ ಮಾತು ಮಾತ್ರ ಇಲ್ಲ.

ನಮ್ಮ ಜಾನಪದ ಮೊದಲಿನಿಂದಲೂ ಹೀಗೇ ಇತ್ತೇ?

ಹಿಟ್ಟಿನ ಗಿರಣಿ ಬರುವ ಮೊದಲು ಈ ಸೀಮೆಯ ಮನೆಗಳಲ್ಲಿ ಬೆಳಗಿನ ಜಾವವೇ ಬೀಸುವ ಕಲ್ಲು ತಿರುಗುತ್ತಿತ್ತು. ಶುಭಸಂದೇಶದಲ್ಲಿ ಯೇಸು ಹೇಳುವ ಬೀಸುವ ಇಬ್ಬರು ಹೆಂಗಸರು ನೆನಪಿದ್ದಾರಲ್ಲವೇ? ಹಾಗೆಯೇ ನಮ್ಮ ಅಜ್ಜಿಯಂದಿರೂ ಎದುರುಬದುರು ಕೂತು ಜೋಳ ಬೀಸುತ್ತಿದ್ದರು. ದಣಿವು ಮರೆಯಲು ಮೂರು ಸಾಲಿನ ತ್ರಿಪದಿ ಹಾಡುತ್ತಿದ್ದರು. ತವರಿನ ಹಂಬಲ, ಹಬ್ಬಕ್ಕೆ ಕರೆಯಲು ಬರುವ ಅಣ್ಣನ ದಾರಿ, ಕೂಸಿನ ನಗು, ಮಕ್ಕಳಿಲ್ಲದವಳ ಸಂಕಟ, ಎಲ್ಲವೂ ಅದರಲ್ಲಿತ್ತು. ಅಲ್ಲಿ ಹೆಣ್ಣು ನೋಡಿಸಿಕೊಳ್ಳುವವಳಲ್ಲ, ಮಾತಾಡುವವಳು.

ಸೋಲಾಪುರದ ಗಡಿಗೆ ಹತ್ತಿರವಿರುವ, ಅಂದಿನ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಅವರ ಈ ಕೆಲಸ ದೊಡ್ಡದು. ಅವರು ಬರೆದಿಟ್ಟುಕೊಳ್ಳದಿದ್ದರೆ ಎಷ್ಟೋ ಹಾಡುಗಳು ಕಲ್ಲಿನ ಜೊತೆಗೇ ಮೂಲೆ ಸೇರುತ್ತಿದ್ದವು.

ಆದರೂ ಹಳೆಯದೆಲ್ಲ ಹೊನ್ನು ಎನ್ನುವಂತಿಲ್ಲ. ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು, ಹಾಡು ಕಟ್ಟಿದ ತಾಯಂದಿರ ಹೆಸರು ಗೊತ್ತಿಲ್ಲ. ‘ಗರತಿ’ ಎಂಬ ಮಾತೇ ಹೆಣ್ಣು ಹೀಗಿದ್ದರೆ ಚೆಂದ ಎಂದು ಗೆರೆ ಹಾಕುತ್ತದೆ. ಸಹಿಸಿಕೊಂಡು ಹೋಗುವುದೇ ಹಿರಿಮೆ ಎಂಬ ಪಾಠವೂ ಆ ಹಾಡುಗಳಲ್ಲಿ ಉಂಟು. ಇತ್ತ ಗಂಡಸರು ಮೇಳ ಕಟ್ಟಿ ಹಾಡಿದ ಲಾವಣಿಗಳಲ್ಲಿ ಹೆಣ್ಣಿನ ರೂಪದ ಬಣ್ಣನೆಗೆ ಆಗಲೇ ದೊಡ್ಡ ಜಾಗವಿತ್ತು. ಇಂದಿನ ಡಿಜೆ ಹಾಡು ಹಿಡಿದಿರುವುದು ಆ ಜಾಡನ್ನೇ. ಬೀಸುವ ಕಲ್ಲಿನ ಜಾಡು ನಡುವೆ ಕಡಿದುಹೋಯಿತು.

ಪೂರ್ತಿ ಕಡಿಯಲಿಲ್ಲ ಎನ್ನಲು ಸೋಲಾಪುರದಲ್ಲೇ ಸಾಕ್ಷಿಯಿದೆ. 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ತಾವೇ ಒಲಿಸಿಕೊಂಡು, ಸೋಲಾಪುರದ ಶರಣ ಸಿದ್ಧರಾಮನ ಕಥೆಯನ್ನು ಅದೇ ತ್ರಿಪದಿಯಲ್ಲಿ ಮಹಾಕಾವ್ಯವಾಗಿ ಬರೆದರು. 1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆ ಸಿಕ್ಕಿದ್ದು 1974ರಲ್ಲಿ, ಮಂಡ್ಯದಲ್ಲಿ. ಅವರು ಈ ಜಯದೇವಿತಾಯಿಯೇ. ಅಡುಗೆಮನೆಯ ಮಟ್ಟು ವೇದಿಕೆ ಏರಿತು, ಈ ಸಲ ಹೆಸರಿನೊಂದಿಗೆ.

ಕುಣಿಯಬೇಡಿ ಎಂದು ಹೇಳುತ್ತಿಲ್ಲ. ಮುಂದಿನ ಮದುವೆಯಲ್ಲಿ ಹಾಡು ಆರಿಸುವಾಗ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇದೇ ಮಾತನ್ನು ನನ್ನ ತಂಗಿಯ ಎದುರು ನಿಂತು, ಸಂಗೀತವಿಲ್ಲದೆ, ನಾನು ಹೇಳಬಲ್ಲೆನೇ? ಮನೆಯಲ್ಲಿ ಅಜ್ಜಿ ಇದ್ದರೆ ಈ ವಾರವೇ ಪಕ್ಕದಲ್ಲಿ ಕೂತು ಬೀಸುವ ಪದ ಒಂದನ್ನು ಹಾಡಿಸಿ, ಮೊಬೈಲಿನಲ್ಲಿ ಹಿಡಿದಿಡಿ. ಕೆಳಗೆ ಅವರ ಹೆಸರು ಬರೆಯುವುದನ್ನು ಮರೆಯಬೇಡಿ.