ಸಯಾಮಿನ ರಾಜನೂ ಅವನ ಕಥೆಯ ಎರಡು ಬಗೆಯ ಓದುಗರೂ

ಒಂದು ನಾಡಿನ ಬಗ್ಗೆ ಹೊರಗಿನವರು ಪುಸ್ತಕ ಬರೆದರೆ ಅದಕ್ಕೆ ಎರಡು ಬಗೆಯ ಓದುಗರು ಸಿಗುತ್ತಾರೆ. ಆ ನಾಡನ್ನು ಕಣ್ಣಾರೆ ಕಾಣದವರು ಒಂದು ಬಗೆ, ಅಲ್ಲೇ ಹುಟ್ಟಿ ಬೆಳೆದವರು ಇನ್ನೊಂದು ಬಗೆ. ಮೊದಲಿನವರು ತಲೆದೂಗಿದ ಪುಸ್ತಕ ಎರಡನೆಯವರ ಮನಸ್ಸನ್ನು ನೋಯಿಸಬಹುದು. ಥಾಯ್ಲೆಂಡಿನಲ್ಲಿ, ಅಂದರೆ ಹಿಂದಿನ ಸಯಾಮಿನಲ್ಲಿ, ಹೀಗೇ ಆಯಿತು.

1862ರಲ್ಲಿ ಆನ್ನಾ ಲಿಯೊನೊವೆನ್ಸ್ ಎಂಬ ವಿಧವೆ ಬ್ಯಾಂಕಾಕಿಗೆ ಬಂದಳು. ದೊರೆ ಮೊಂಗ್‌ಕುತ್ ಅವಳನ್ನು ಕರೆಸಿದ್ದು ಅರಮನೆಯ ಮಕ್ಕಳಿಗೂ ರಾಣಿವಾಸದವರಿಗೂ ಇಂಗ್ಲಿಷ್ ಕಲಿಸಲು. 1867ರಲ್ಲಿ ಅಲ್ಲಿಂದ ಹೊರಟವಳು 1870ರಲ್ಲಿ 'ದಿ ಇಂಗ್ಲಿಷ್ ಗವರ್ನೆಸ್ ಅಟ್ ದಿ ಸಯಾಮೀಸ್ ಕೋರ್ಟ್' ಎಂಬ ಪುಸ್ತಕ ಪ್ರಕಟಿಸಿದಳು. ಅದರ ಬೆನ್ನಿಗೇ ಅಂತಃಪುರದ ಕಥೆಗಳ ಇನ್ನೊಂದು ಪುಸ್ತಕ ಬಂತು. ಅರಮನೆಯ ಯುವತಿಯೊಬ್ಬಳನ್ನೂ ಒಬ್ಬ ಭಿಕ್ಷುವನ್ನೂ ದೊರೆ ಹಿಂಸಿಸಿ ಸುಡಿಸಿದನೆಂಬ ಕಥೆ ಅದರಲ್ಲಿದೆ. ಪಶ್ಚಿಮದ ಓದುಗರಿಗೆ ಒರಟು ರಾಜ, ಅವನನ್ನು ತಿದ್ದುವ ಬಿಳಿಯ ಪಂತೋಜಿ ಎಂಬ ಚಿತ್ರ ಬಹಳ ಹಿಡಿಸಿತು.

1944ರಲ್ಲಿ ಮಾರ್ಗರೆಟ್ ಲ್ಯಾಂಡನ್ ಇವೆರಡನ್ನೂ ಆಧರಿಸಿ 'ಆನ್ನಾ ಅಂಡ್ ದಿ ಕಿಂಗ್ ಆಫ್ ಸಯಾಂ' ಎಂಬ ಕಾದಂಬರಿ ಬರೆದರು. ಇದರಲ್ಲಿ ಮುಕ್ಕಾಲು ಪಾಲು ನಿಜ, ಕಾಲು ಪಾಲು ಕಲ್ಪನೆ ಎಂದು ಅವರೇ ಹೇಳಿದ್ದರು. ಆದರೆ ಓದುವವರಿಗೆ ಆ ಕಾಲು ಪಾಲು ಯಾವುದೆಂದು ತಿಳಿಯುವುದಾದರೂ ಹೇಗೆ? ಕಾದಂಬರಿ 1951ರಲ್ಲಿ 'ದಿ ಕಿಂಗ್ ಅಂಡ್ ಐ' ಎಂಬ ಸಂಗೀತ ನಾಟಕವಾಯಿತು, 1956ರಲ್ಲಿ ಅದೇ ಹೆಸರಿನ ಸಿನಿಮಾ ಆಯಿತು. ಥಾಯ್ಲೆಂಡ್ ಆ ಸಿನಿಮಾವನ್ನು ನಿಷೇಧಿಸಿತು. ಆನ್ನಾಳ ಕಥೆಯನ್ನೇ ಇಟ್ಟುಕೊಂಡು ಬಂದ 1999ರ ಚಿತ್ರಕ್ಕೂ ಅದೇ ಗತಿಯಾಯಿತು.

ನಾವು ಇಲ್ಲಿ ಗಮನಿಸಬೇಕಾದದ್ದು ನಿಷೇಧವನ್ನಲ್ಲ, ಅದಕ್ಕೂ ಮೊದಲು ಬಂದ ಉತ್ತರವನ್ನು. 1948ರಲ್ಲಿ ಸೇನಿ ಪ್ರಾಮೋಜ್ ಮತ್ತು ಕುಕ್ರಿತ್ ಪ್ರಾಮೋಜ್ ಎಂಬ ಅಣ್ಣತಮ್ಮಂದಿರು ಮೊಂಗ್‌ಕುತ್ ದೊರೆಯ ಸ್ವಂತ ಬರಹಗಳನ್ನು ಕಲೆಹಾಕಿ, ಇಂಗ್ಲಿಷಿನಲ್ಲಿ 'ದಿ ಕಿಂಗ್ ಆಫ್ ಸಯಾಂ ಸ್ಪೀಕ್ಸ್' ಎಂಬ ಹಸ್ತಪ್ರತಿ ಸಿದ್ಧಪಡಿಸಿದರು. ಅವರು ಅದನ್ನು ಅಮೆರಿಕದ ಅಬಟ್ ಲೋ ಮೊಫಟ್ ಅವರಿಗೆ ಕೊಟ್ಟರು. ಅದನ್ನು ಬಳಸಿಕೊಂಡು ಮೊಫಟ್ 1961ರಲ್ಲಿ ದೊರೆಯ ಜೀವನಚರಿತ್ರೆ ಬರೆದರು.

ಅಲ್ಲಿ ಕಾಣುವ ಮೊಂಗ್‌ಕುತ್ ಬೇರೆಯೇ ಮನುಷ್ಯ. 1851ರಲ್ಲಿ ಪಟ್ಟಕ್ಕೆ ಬರುವ ಮೊದಲು ಅವನು 27 ವರ್ಷ ಬೌದ್ಧ ಭಿಕ್ಷುವಾಗಿದ್ದನು. ಪಾಳಿ, ಲ್ಯಾಟಿನ್, ಇಂಗ್ಲಿಷ್ ಕಲಿತಿದ್ದನು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ತಾನೇ ಲೆಕ್ಕ ಹಾಕಿ, ವಿದೇಶಿ ಅತಿಥಿಗಳನ್ನು ವಾಕೋ ಎಂಬ ಊರಿಗೆ ಕರೆಸಿ ತೋರಿಸಿದನು. ಅಲ್ಲಿ ಹತ್ತಿದ ಜ್ವರದಿಂದಲೇ ಅಕ್ಟೋಬರ್ 1ರಂದು ತೀರಿಕೊಂಡನು. ಆ ದಿನ ಅದೇ ನೆರಳು ನಮ್ಮ ಜತ್ತಕ್ಕೆ ಹತ್ತಿರದ ವಿಜಾಪುರ, ಜಮಖಂಡಿ ಸೀಮೆಯ ಮೇಲೂ ಹಾದುಹೋಗಿತ್ತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ದುರ್ಬೀನು ಹೂಡಿದ್ದನು.

ಇನ್ನು ಬರೆದವಳ ಕಥೆ. ತಾನು ವೇಲ್ಸ್‌ನಲ್ಲಿ ಹುಟ್ಟಿದವಳು ಎಂದು ಆನ್ನಾ ಹೇಳಿಕೊಂಡಿದ್ದಳು. 1976ರಲ್ಲಿ ಬ್ರಿಸ್ಟೋ ಎಂಬ ವಿದ್ವಾಂಸರು ಇದು ಸುಳ್ಳೆಂದು ತೋರಿಸಿದರು. ಅವಳು ಹುಟ್ಟಿದ್ದು 1831ರಲ್ಲಿ, ನಮ್ಮ ಮಹಾರಾಷ್ಟ್ರದ ಅಹಮದನಗರದಲ್ಲಿ (ಇಂದಿನ ಅಹಿಲ್ಯಾನಗರ). ಅವಳ ತಂದೆ ಕಂಪನಿ ಸೇನೆಯ ಒಬ್ಬ ಸಾಮಾನ್ಯ ಸಾರ್ಜೆಂಟ್. ತಾಯಿಯ ಕಡೆಯಿಂದ ಭಾರತೀಯ ರಕ್ತವೂ ಇದ್ದಿರಬಹುದೆಂದು ಚರಿತ್ರಕಾರರು ಊಹಿಸುತ್ತಾರೆ. ಇದಕ್ಕಾಗಿ ಅವಳನ್ನು ಹಳಿಯುವುದು ಸುಲಭ. ಆದರೆ ಮಕ್ಕಳನ್ನು ಕಟ್ಟಿಕೊಂಡ ಬಡ ವಿಧವೆಗೆ ಆ ಕಾಲದಲ್ಲಿ ನಿಜ ಹೇಳಿದ್ದರೆ ಅರಮನೆಯ ಕೆಲಸ ಸಿಗುತ್ತಿತ್ತೇ? ಯೋಚಿಸಬೇಕಾದ ಮಾತು. ಇಷ್ಟಾದರೂ ತನ್ನ ಹೊಟ್ಟೆಪಾಡಿಗೆ ಹೇಳಿದ ಸುಳ್ಳು ಬೇರೆ, ಇನ್ನೊಂದು ನಾಡಿನ ಹೆಸರಿಗೆ ಅಂಟುವ ಸುಳ್ಳು ಬೇರೆ.

ಉತ್ತರ ಕೊಟ್ಟ ತಮ್ಮ ಕುಕ್ರಿತ್ ಅಲ್ಲಿಗೇ ನಿಲ್ಲಲಿಲ್ಲ. 1951ರಿಂದ ತಮ್ಮ 'ಸಯಾಂ ರಥ್' ಪತ್ರಿಕೆಯಲ್ಲಿ 'ಸೀ ಪೆನ್ ದಿನ್' ಎಂಬ ಧಾರಾವಾಹಿ ಬರೆದರು. ಪ್ಲೋಯ್ ಎಂಬ ಹೆಣ್ಣುಮಗಳು ಅರಮನೆಯಲ್ಲಿ ಬೆಳೆದು ನಾಲ್ಕು ದೊರೆಗಳ ಕಾಲವನ್ನು ಕಾಣುವ ಕಥೆ ಅದು. ಪ್ಲೋಯ್ ನಿಜವಾಗಿ ಬದುಕಿದ್ದವಳೆಂದೇ ನಂಬಿದ ಓದುಗರಿದ್ದರು. ಆ ಅರಮನೆ, ಆ ಅಂತಃಪುರಗಳೇ ಇಲ್ಲೂ ಇವೆ. ಆದರೆ ಒಳಗಿನವರು ಬರೆದಾಗ ಅಲ್ಲಿನ ಜನ ಅದನ್ನು ತಮ್ಮ ಮನೆಯ ಕಥೆಯಂತೆ ಓದಿದರು.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದರಲ್ಲಿ ಪಾಠವಿದೆ. ನಮ್ಮ ಬಗ್ಗೆಯೂ ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಕೂತವರು ಬರೆಯುತ್ತಾರೆ. ಹಾಗೆ ಬರೆದದ್ದು ತಪ್ಪಾಗಿದ್ದರೆ ಸಿಟ್ಟಾಗುವುದರಿಂದ, ನಿಷೇಧ ಬೇಡುವುದರಿಂದ ಕೆಲಸವಾಗದು. ಪ್ರಾಮೋಜ್ ಸಹೋದರರಂತೆ ಹಳೆಯ ಕಾಗದಪತ್ರ ಕೂಡಿಡಬೇಕು, ಕುಕ್ರಿತ್ ಅವರಂತೆ ನಮ್ಮ ಮನೆಯ ಕಥೆಯನ್ನು ನಾವೇ ಬರೆಯಬೇಕು. ನಮ್ಮ ಶಾಲೆಯ ಮಕ್ಕಳು ನಾಳೆ ಓದುವುದು ಯಾರೋ ಬರೆದ ಕಥೆಯನ್ನೋ, ನಾವು ಬರೆದದ್ದನ್ನೋ ಎಂಬುದು ನಮ್ಮ ಕೈಯಲ್ಲೇ ಇದೆ.